ನಮ್ಮ ಹುಡುಗಿ ಬಂದ ದಿನ

ಲಕ್ಷ್ಮೇಶ್ವರ
9 ಡಿಸೆಂಬರ್ 2024

ಪ್ರೀತಿಯ ವೈನಿ,

ಹನ್ನೊಂದು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು, ನಗಬೇಡ. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಇರುತ್ತದೆ, ಅದರ ಕೆಳಗೇ ನಿಮ್ಮವ್ವ ಕೂತಿರುತ್ತಾರೆ. ನಿನ್ನ ಹೆಸರು ಎತ್ತಿದರೆ ಸಾಕು, ಜೋಳ ಹಸನು ಮಾಡುವ ಅವರ ಕೈ ನಿಲ್ಲುತ್ತದೆ. ಅದಕ್ಕೇ ನಾನು ಕೆಲಸಕ್ಕೆ ಹೋಗುವ ಅಂಗನವಾಡಿಯಲ್ಲಿ ಮಕ್ಕಳು ಮಲಗಿದ ಮೇಲೆ ಬರೆಯುತ್ತಿದ್ದೇನೆ. ನೀನೂ ಇಲ್ಲಿಗೇ ಬರಿ. ನಮ್ಮ ಟೀಚರ್ ರೇಣುಕವ್ವ ಗುಟ್ಟು ಬಿಡುವವಳಲ್ಲ.

ನೀನೂ ನಮ್ಮಣ್ಣನೂ ವಕೀಲರ ಹತ್ತಿರ ಹೋಗಿದ್ದಿರಂತೆ. ನೂಲು ತರುವ ಅಯ್ಯೂಬ ಹೇಳಿದ. ಇಬ್ಬರೂ ಒಂದೇ ಗಾಡಿಯ ಮೇಲೆ ಹೋದಿರಂತೆ. ಬಿಟ್ಟುಬಿಡುವುದಕ್ಕೆ ಹೊರಟವರು ಒಂದೇ ಗಾಡಿಯ ಮೇಲೆ ಹೋಗುತ್ತಾರಾ ಎಂದು ನಾನು ನಕ್ಕೆ. ನಿಮ್ಮಣ್ಣ ನಗಲಿಲ್ಲ.

ನಮ್ಮ ಮದುವೆ ನೆನಪಾಗುತ್ತಿದೆ. ಒಂದೇ ಹಂದರ, ಎರಡು ಜೋಡಿ. ನನ್ನ ಅಣ್ಣ ಸುನಿಲಕುಮಾರನಿಗೆ ನೀನು, ನಿನ್ನ ಅಣ್ಣ ಕಿರಣಕುಮಾರನಿಗೆ ನಾನು. ಬೆಟಗೇರಿಯ ನೇಕಾರರ ಹುಡುಗಿ ಲಕ್ಷ್ಮೇಶ್ವರಕ್ಕೆ, ಲಕ್ಷ್ಮೇಶ್ವರದ ನೇಕಾರರ ಹುಡುಗಿ ಬೆಟಗೇರಿಗೆ. ಕೊಟ್ಟು ತಂದ ಸಂಬಂಧ. ಇಬ್ಬರೂ ಒಬ್ಬರಿಗೊಬ್ಬರು ಅಣ್ಣನ ಹೆಂಡತಿ, ಯಾರು ಯಾರನ್ನು ಏನೆಂದು ಕರೆಯಬೇಕು ಎಂದು ಹೆಂಗಸರೆಲ್ಲ ವಾದ ಮಾಡುತ್ತಿದ್ದಾಗ ನೀನು ಬಾಸಿಂಗ ಕಟ್ಟಿಕೊಂಡೇ ಅಂದೆ: "ಆಕಿನೂ ವೈನಿ, ನಾನೂ ವೈನಿ. ಮುಗೀತಲ್ಲ." ಅವತ್ತು ನಿನ್ನ ಬಾಯಿ ನೋಡಿ ನಮ್ಮ ಮನೆಗೆ ಇಂಥವಳೇ ಬೇಕಿತ್ತು ಅಂದುಕೊಂಡಿದ್ದೆ.

ನಾನು ಹುಟ್ಟಿ ಬೆಳೆದ ಕೋಣೆಯಲ್ಲಿ ನೀನು ಮಲಗುತ್ತೀ. ನೀನು ಹಲ್ಲುಜ್ಜಿ ಬೆಳೆದ ನಲ್ಲಿಯಲ್ಲಿ ನಾನು ನೀರು ಹಿಡಿಯುತ್ತೇನೆ. ನಿನ್ನ ಅವ್ವನ ಮಂಡಿ ನಾನು ತಿಕ್ಕುತ್ತೇನೆ, ನನ್ನ ಅವ್ವನ ಮೈ ನೀನು ತೊಳೆಯುತ್ತೀ. ಪಂಚಮಿಗೆ ನೀನು ಇಲ್ಲಿಗೆ ಬರುವ ದಿನವೇ ನಾನು ಅಲ್ಲಿಗೆ. ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಸಿಗುತ್ತೇವೆ, ಆಮೇಲೆ ನೀನು ನಾನು ಬಂದ ದಾರಿಯಲ್ಲಿ, ನಾನು ನೀನು ಬಂದ ದಾರಿಯಲ್ಲಿ. ಒಂದು ಹಬ್ಬವನ್ನಾದರೂ ಒಟ್ಟಿಗೆ ಮಾಡಿದ್ದೇವಾ ನೋಡು.

ಏನಾಗಿದೆ ಹೇಳು. ಕುಡಿಯುತ್ತಾನಾ? ಹೊಡೆದನಾ? ಬೇರೆ ಯಾರಾದರೂ ಇದ್ದಾರಾ? ಅವನ ಕಿವಿ ಹಿಂಡುವ ಹಕ್ಕು ನನಗೆ ಇನ್ನೂ ಇದೆ.

ಇಲ್ಲಿ ಎಲ್ಲ ಆರಾಮ.

ನಿನ್ನ ವೈನಿ,
ಬನಶಂಕರಿ


ಬೆಟಗೇರಿ
21 ಡಿಸೆಂಬರ್ 2024

ವೈನಿ,

ಪತ್ರ ಮುಟ್ಟಿತು. ನೀನು ಮನೆಯ ವಿಳಾಸಕ್ಕೇ ಬರಿ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ.

ಅತ್ತೆಗೆ ಲಕ್ವಾ ಹೊಡೆದು ಬರುವ ತಿಂಗಳಿಗೆ ಎರಡು ವರ್ಷ. ಎಡಗೈ ಚೂರು ಎತ್ತುತ್ತಾರೆ. ಮಾತು ತೊದಲುತ್ತದೆ, ನನಗೆ ತಿಳಿಯುತ್ತದೆ. ಬೆಳಿಗ್ಗೆ ಸಂಜೆ ಮೈ ಒರೆಸುತ್ತೇನೆ. ಬೆನ್ನಿಗೆ ಹುಣ್ಣಾಗಿಲ್ಲ. ಅಮಾವಾಸ್ಯೆಗೆ ಹೋಳಿಗೆ ಕೇಳಿದರು, ಅರ್ಧ ತಿಂದರು.

ಕುಡಿಯುವುದಿಲ್ಲ. ಹೊಡೆದಿಲ್ಲ. ಬೇರೆ ಯಾರೂ ಇಲ್ಲ. ವಕೀಲರೂ ಈ ಮೂರನ್ನೇ ಕೇಳಿದರು. ಮೂರಕ್ಕೂ ಇಲ್ಲ ಅಂದ ಮೇಲೆ ಪೆನ್ನು ಕೆಳಗಿಟ್ಟು "ಹಂಗಾದ್ರ ಮ್ಯೂಚುವಲ್ ಮಾಡ್ರಿ" ಅಂದರು. ಇಬ್ಬರೂ ಒಪ್ಪಿ ಸಹಿ ಮಾಡುವುದಂತೆ. ಜನವರಿಯಲ್ಲಿ ಒಮ್ಮೆ, ಆರು ತಿಂಗಳು ಬಿಟ್ಟು ಇನ್ನೊಮ್ಮೆ. ನಡುವೆ ಒಬ್ಬರ ಮನಸ್ಸು ಬದಲಾದರೂ ಅಲ್ಲಿಗೇ ನಿಲ್ಲುತ್ತದಂತೆ.

ಒಂದೇ ಗಾಡಿಯ ಮೇಲೆ ಹೋದದ್ದು ಖರೆ. ಇರುವುದು ಒಂದೇ ಗಾಡಿ.

ಕೋಣೆಯಲ್ಲಿ ನೀನು ಬಿಟ್ಟು ಹೋದ ಟ್ರಂಕಿನ ಬೀಗಕ್ಕೆ ಎಣ್ಣೆ ಹಾಕಿದ್ದೇನೆ.

ಅನುರಾಧಾ


ಲಕ್ಷ್ಮೇಶ್ವರ
3 ಜನವರಿ 2025

ವೈನಿ,

ನಿನ್ನ ಪತ್ರ ನೋಡಿ ನಮ್ಮ ಅಂಗನವಾಡಿಯ ಹಾಜರಿ ಪುಸ್ತಕ ನೆನಪಾಯಿತು. ಇದೆ, ಇಲ್ಲ, ಇದೆ, ಇಲ್ಲ. ಒಂದು ಸಾಲು ಬೈದಾದರೂ ಬರೆಯಬಾರದಾ?

ಆ ಇಂಗ್ಲಿಷ್ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮಗಳ ಡಿಕ್ಷನರಿ ತೆಗೆದು ನೋಡಿದೆ. ನಾಲ್ಕನೇ ತರಗತಿಯವರದ್ದು, ಚಿತ್ರ ಇರುವಂಥದ್ದು. 'ಪರಸ್ಪರ' ಎಂದು ಬರೆದು ಇಬ್ಬರು ಕೈ ಕುಲುಕುವ ಚಿತ್ರ ಹಾಕಿದ್ದಾರೆ. ಸಿಕ್ಕಾಗ ಕುಲುಕುತ್ತಿದ್ದಾರೋ ಹೊರಡುವಾಗ ಕುಲುಕುತ್ತಿದ್ದಾರೋ, ಚಿತ್ರ ನೋಡಿದರೆ ತಿಳಿಯುವುದಿಲ್ಲ.

ಒಮ್ಮೆ ಕಿವಿಗೆ ಬಿದ್ದ ಮೇಲೆ ಆ ಮಾತು ಊರ ತುಂಬ ಸಿಗುತ್ತಿದೆ. ರೇಣುಕವ್ವನ ಗಂಡ ಡಂಬಳದ ಶಾಲೆಯಲ್ಲಿ ಮಾಸ್ತರ ಇದ್ದ. ಅವನು ಈಗ ಮ್ಯೂಚುವಲ್ ಮೇಲೆ ಇಲ್ಲಿಗೆ ಬಂದಿದ್ದಾನೆ. ಅಂದರೆ ಇಲ್ಲಿದ್ದ ಮಾಸ್ತರ ಅಲ್ಲಿಗೆ, ಅಲ್ಲಿದ್ದವನು ಇಲ್ಲಿಗೆ. ಒಬ್ಬ ಹೊರಟರೆ ಮಾತ್ರ ಇನ್ನೊಬ್ಬ ಹೊರಡಬಹುದು. "ನಿಮ್ಮ ಮದಿವಿ ಹಂಗ ನೋಡವಾ ಇದು" ಎಂದು ರೇಣುಕವ್ವ ನಕ್ಕಳು. ಫೇಸ್‌ಬುಕ್ಕಿನಲ್ಲಿ ನಿನ್ನ ಹೆಸರಿನ ಕೆಳಗೆ ಅರವತ್ತೆರಡು ಮ್ಯೂಚುವಲ್ ಫ್ರೆಂಡ್ಸ್ ಎಂದು ತೋರಿಸುತ್ತದೆ. ನಿನ್ನವರೆಲ್ಲ ನನ್ನವರು, ನನ್ನವರೆಲ್ಲ ನಿನ್ನವರು. ನೀನು ನಾನು ಮಾತ್ರ ಫ್ರೆಂಡ್ಸ್ ಅಲ್ಲ. ನಾನು ಕಳಿಸಿದ ರಿಕ್ವೆಸ್ಟು ಆರು ವರ್ಷದಿಂದ ಹಾಗೇ ಬಿದ್ದಿದೆ, ದೊಡ್ಡಸ್ತಿಕೆ ನೋಡು ನಿಂದು.

ಇದು ಗಂಡ ಹೆಂಡಿರ ಮುನಿಸು, ಬೇರೆ ಏನಲ್ಲ. ಅವನದು ಮೊದಲಿಂದಲೂ ಬಿಗಿ ಸ್ವಭಾವ. ಸಂಕ್ರಾಂತಿಗೆ ಕುಸುರೆಳ್ಳು ಕೈಗೆ ಹಾಕಿ ನೀನೇ ಮಾತಾಡಿಸು. ಸಹಿ ಗಿಹಿ ಆಮೇಲೆ ನೋಡೋಣ.

ಅತ್ತೆ ಮೊನ್ನೆ ಏನೋ ಅಂದರು. ಬಿಡು, ವಯಸ್ಸಾದವರು.

ಬನಶಂಕರಿ


ಬೆಟಗೇರಿ
24 ಜನವರಿ 2025

ವೈನಿ,

ಕುಸುರೆಳ್ಳು ಕೊಟ್ಟೆ. ಕೈ ಚಾಚಿ ತಗೊಂಡ, ತಿಂದ, ಮಗ್ಗಕ್ಕೆ ಹೋದ.

ನೀನು ಕೇಳುತ್ತಲೇ ಇದ್ದೀ, ಅದಕ್ಕೆ ಬರೆಯುತ್ತೇನೆ. ನಿಮ್ಮಣ್ಣ ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷ ಮೇಲಾಯಿತು. ಮೂರು ವರ್ಷದ ಹಿಂದಿನ ದೀಪಾವಳಿಗೆ ಮಾತಾಡಿದ್ದ, ಆಮೇಲೆ ಇಲ್ಲ. ಜಗಳ ಆಗಲಿಲ್ಲ. ಜಗಳ ಆಗಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಅವನು ನೇಯುತ್ತಾನೆ, ನಾನು ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತೇನೆ. ಕಂಡಿಕಿ ಮುಗಿದರೆ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ಸರಿಸುತ್ತಾನೆ. ತುಂಬಿಸಿ ಇಡುತ್ತೇನೆ. ಊಟಕ್ಕೆ ಕೂತಾಗ ರೊಟ್ಟಿ ಸಾಕಾದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. ಮೊದಲ ವರ್ಷ ನಾನು ಕೇಳಿದೆ, ಕಣ್ಣೀರು ಹಾಕಿದೆ, ಬೈದೆ, ಕಾಲು ಹಿಡಿದೆ. ಎರಡನೇ ವರ್ಷ ಲಕ್ವಾದಿಂದ ನಿನ್ನ ಅವ್ವನ ಮಾತೂ ಅರ್ಧ ಹೋಯಿತು. ಆಮೇಲೆ ನಾನೂ ಬಿಟ್ಟೆ. ಹಾಗಾಗಿ ಅದೂ ಮ್ಯೂಚುವಲ್ಲೇ.

ಹೋದ ನವೆಂಬರಿನಲ್ಲಿ ನೂಲಿನ ಚೀಟಿಯ ಹಿಂದೆ "ಬಿಟ್ಟುಬಿಡೋಣೇನು?" ಎಂದು ಬರೆದು ಕಂಡಿಕಿ ಬುಟ್ಟಿಯಲ್ಲಿ ಇಟ್ಟೆ. ಮರುದಿನ ಬೆಳಿಗ್ಗೆ ಗಾಡಿ ಚಾಲೂ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ಹಿಂದೆ ಕೂತೆ.

ಮೊದಲ ಸಹಿ ಆಯಿತು. ಸಂಕ್ರಾಂತಿಯ ಮರುದಿನ. ಒಂದು ವರ್ಷದಿಂದ ಬೇರೆ ಇದ್ದಾರೆ ಎಂದು ವಕೀಲರು ಬರೆದರು. ಒಂದೇ ಮನೆಯಲ್ಲಿದ್ದರೂ ಹಾಗೆ ಬರೆಯಬಹುದಂತೆ. ಜಡ್ಜ್ ಸಾಹೇಬರು "ನಿಮಗ ಒಪ್ಪಿಗಿ ಐತೇನು?" ಎಂದು ಅವನನ್ನು ಕೇಳಿದರು. "ಹೌದ್ರಿ" ಅಂದ. ದನಿ ಸ್ವಲ್ಪ ಒಡೆದಿದೆ, ಮೊದಲಿನ ಹಾಗಿಲ್ಲ. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಅತ್ತೆಗೆ ಹೊಸ ಗುಳಿಗೆ ಬರೆದಿದ್ದಾರೆ. ತಗೊಳ್ಳುತ್ತಿದ್ದಾರೆ.

ಅನುರಾಧಾ


ಲಕ್ಷ್ಮೇಶ್ವರ
26 ಫೆಬ್ರುವರಿ 2025

ಅನುರಾಧಾ ಅವರಿಗೆ,

ನಿಮ್ಮ ಪತ್ರ ಬಂದು ಒಂದು ತಿಂಗಳಾಯಿತು. ಉತ್ತರ ಏನು ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ.

ನೀವು ಸಹಿ ಮಾಡಿ ಬಂದಿರಿ. ಇಲ್ಲಿ ಏನು ನಡೆದಿದೆ ಎಂದು ಒಮ್ಮೆಯೂ ಕೇಳಲಿಲ್ಲ, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಅವ್ವ ಲಕ್ಷ್ಮೀದೇವಿಯವರು ಡಿಸೆಂಬರಿನಿಂದಲೇ ಒಂದೇ ಮಾತು ಹೇಳುತ್ತಿದ್ದಾರೆ. "ನಮ್ಮ ಹುಡುಗಿ ಬಂದ ದಿನ ಅವರ ಹುಡುಗಿ ಹೋಗಬೇಕು. ಹಂದರದಾಗ ಹಿರ್ಯಾರ ಮುಂದ ಆದ ಮಾತು ಇದು." ನಿಮಗೆ ಸರ ಮಾಡಿಸಿದ ವರ್ಷ ನನಗೂ ಸರ ಮಾಡಿಸಿದವರು, ನಿಮ್ಮನ್ನು ಹಬ್ಬಕ್ಕೆ ಕರೆಸಿದರೆ ನನ್ನನ್ನೂ ಹಬ್ಬಕ್ಕೆ ಕಳಿಸಿದವರು. ಈಗ ಇದನ್ನೂ ಸರಿಸಮ ಮಾಡುತ್ತಾರೆ. ಮಗಳು ಮಾತ್ರ ಇಲ್ಲೇ ಇರಬೇಕಂತೆ. "ಕೂಸು ನಮ್ಮ ಮನಿದು" ಅಂದರು. ಅವಳಿಗೆ ಒಂಬತ್ತು ವರ್ಷ, ಇನ್ನೂ ನನ್ನ ಸೆರಗು ಹಿಡಿದು ಮಲಗುತ್ತಾಳೆ.

ನಿಮ್ಮ ಅಣ್ಣನನ್ನು ಏನೂ ಕೇಳಬೇಡಿ. ತಾಟು ನೋಡಿಕೊಂಡು ಉಣ್ಣುತ್ತಾರೆ.

ನಾನು ನನ್ನ ಸಂಸಾರದಲ್ಲಿ ಸುಖವಾಗಿದ್ದೇನೆ. ಅದು ತಪ್ಪೇನೂ ಅಲ್ಲ. ನಿಮ್ಮ ಮನೆಯಲ್ಲಿ ಮಾತಿಲ್ಲ, ಅಷ್ಟೇ. ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಜುಲೈಯಲ್ಲಿ ಎರಡನೇ ಸಹಿ ಇದೆಯಂತಲ್ಲ, ಅದನ್ನು ಮಾಡಬೇಡಿ. ಕೈ ಮುಗಿದು ಕೇಳುತ್ತೇನೆ.

ಬನಶಂಕರಿ


ಬೆಟಗೇರಿ
10 ಮಾರ್ಚ್ 2025

ವೈನಿ,

ಪತ್ರ ಮುಟ್ಟಿತು. ಅತ್ತೆ ಆರಾಮ ಇದ್ದಾರೆ. ಬಿಸಿಲು ಶುರುವಾಗಿದೆ, ಮಂಚವನ್ನು ಪಡಸಾಲೆಗೆ ತಂದಿದ್ದೇನೆ.

ಅನುರಾಧಾ


ಲಕ್ಷ್ಮೇಶ್ವರ
2 ಏಪ್ರಿಲ್ 2025

ವೈನಿ,

ನೀನು ಎರಡೇ ಸಾಲು ಬರೆದೆ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಿಸಿಲಾಯಿತೆಂದು ನನ್ನ ಅವ್ವನ ಮಂಚ ಪಡಸಾಲೆಗೆ ತಂದೆ ಅಂದೆಯಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಯುಗಾದಿಗೆ ಬೇವು ತಿನ್ನುವಾಗ ನಿರ್ಧಾರ ಮಾಡಿದೆ, ಹೇಳಿಬಿಡಬೇಕು ಎಂದು. ಓದಿ ಹರಿದು ಹಾಕು.

ನಮ್ಮ ಅಪ್ಪ ನಿಂಗಪ್ಪನನ್ನು ನೀನು ನೋಡಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಣ್ಣ ನೇಯ್ದ ಒಂದು ಸೀರೆಯ ಅಂಚು ಸರಿ ಬರಲಿಲ್ಲ ಎಂದು ಅಪ್ಪ ಓಣಿಯವರ ಎದುರು ಒಂದು ಮೊಳ ಬಿಚ್ಚಿಸಿದ. ಅವತ್ತಿನಿಂದ ಅಣ್ಣ ಅಪ್ಪನ ಜೊತೆ ಮಾತು ಬಿಟ್ಟ. ಆರು ವರ್ಷ. ಇಬ್ಬರೂ ಎದುರು ಬದುರು ಮಗ್ಗದಲ್ಲಿ ಕೂರುತ್ತಿದ್ದರು. ಅಪ್ಪ ಸಾಯುವ ಮುಂಚೆ "ಸುನ್ಯಾ, ಒಮ್ಮೆ ಅಪ್ಪಾ ಅನ್ನೋ" ಎಂದು ಕೇಳಿದ. ಅಣ್ಣ ನೀರು ಕುಡಿಸಿದ, ಅನ್ನಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಜೊತೆಯೂ ಒಮ್ಮೆ ಹಾಗೆ ಮಾತು ಬಿಟ್ಟಿದ್ದ, ಒಂದು ವರ್ಷ.

ನಿಮ್ಮ ಮನೆಯಿಂದ ಸಂಬಂಧ ಬಂದಾಗ ಇದನ್ನು ಹೇಳಬೇಕಿತ್ತು. ಹೇಳಿದ್ದರೆ ನಿಮ್ಮವರು ನಿನ್ನನ್ನು ಕೊಡುತ್ತಿರಲಿಲ್ಲ. ನಿನ್ನನ್ನು ಕೊಡದಿದ್ದರೆ ನನ್ನನ್ನು ತರುತ್ತಿರಲಿಲ್ಲ. ನಾನು ನಿನ್ನ ಅಣ್ಣನನ್ನು ನೋಡಿಬಿಟ್ಟಿದ್ದೆ ವೈನಿ. ಚಹಾ ಕೊಟ್ಟಾಗ ತಲೆ ಎತ್ತಿ "ನೀವು ಕುಡದ್ರೇನು?" ಎಂದು ಕೇಳಿದ್ದರು. ನಮ್ಮ ಮನೆಯಲ್ಲಿ ಯಾವ ಗಂಡಸೂ ಹಾಗೆ ಕೇಳಿದ್ದು ನಾನು ಕಂಡಿರಲಿಲ್ಲ. ನನಗೆ ಬೇಕು ಅನಿಸಿತು. ಸುಮ್ಮನಾದೆ.

ಮದುವೆಯಾದ ಮೇಲೆ ಪ್ರತಿ ಪಂಚಮಿಗೆ ಶಿರಹಟ್ಟಿಯಲ್ಲಿ ನಿನ್ನ ಮುಖ ನೋಡುತ್ತಿದ್ದೆ. ಮೊದಮೊದಲು ಹತ್ತು ನಿಮಿಷ ನಿನಗೆ ಸಾಲುತ್ತಿರಲಿಲ್ಲ, ಬಸ್ಸಿನ ಕಿಟಕಿಯಿಂದಲೂ ಮಾತಾಡುತ್ತಿದ್ದೆ. ಹೋದ ಮೂರು ವರ್ಷ ನೀನು ಗಂಟು ಕೊಟ್ಟು ಸುಮ್ಮನೆ ಕೂರುತ್ತಿದ್ದೆ. ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ "ಕುಡಿಯುತ್ತಾನಾ, ಹೊಡೆದನಾ" ಎಂದು ಪತ್ರ ಬರೆದೆ.

ಎರಡನೇ ಸಹಿ ಮಾಡು. ನಾನು ಫೆಬ್ರುವರಿಯಲ್ಲಿ ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ನನ್ನ ಪಾಡು ನಾನು ನೋಡಿಕೊಳ್ಳುತ್ತೇನೆ.

ಬನಶಂಕರಿ


ಬೆಟಗೇರಿ
20 ಏಪ್ರಿಲ್ 2025

ವೈನಿ,

ನನಗೆ ಗೊತ್ತಿತ್ತು. ಅವನು ಮಾವನ ಜೊತೆ ಮಾತು ಬಿಟ್ಟದ್ದನ್ನು ನಿನ್ನ ಅವ್ವ ಮದುವೆಯಾದ ಮರುವರ್ಷವೇ ಹೇಳಿದ್ದರು. ರೊಟ್ಟಿ ಬಡಿಯುತ್ತಿದ್ದರು. "ನಿನ್ನ ಜೋಡಿ ಹಂಗ ಮಾಡಲಿಕ್ಕಿಲ್ಲ ಬಿಡವ್ವಾ" ಅಂದರು. ಹತ್ತು ವರ್ಷದಿಂದ ನೀನು ಹೇಳುತ್ತೀಯೇನೋ ಎಂದು ನೋಡುತ್ತಿದ್ದೆ. ಶಿರಹಟ್ಟಿಯಲ್ಲಿ ಒಂದೆರಡು ಸಲ ಹೇಳಿಬಿಡುತ್ತೀ ಅನಿಸಿತ್ತು. ಬಸ್ಸು ಬಂತು.

ಅಂಚು ಬಿಚ್ಚಿಸಿದ ವಿಷಯ ಮಾತ್ರ ಗೊತ್ತಿರಲಿಲ್ಲ. ಓದಿದ ಮೇಲೆ ನೆನಪಾಯಿತು. ಆ ದೀಪಾವಳಿಗೆ ಪಕ್ಕದ ಮನೆಯ ಗುಲಾಬಬಿ ಬಂದಾಗ ಅವನ ಎದುರೇ ಮಗ್ಗದ ಮೇಲಿದ್ದ ಸೀರೆ ತೋರಿಸಿ "ಈ ಸರ್ತಿ ಅಂಚು ಸ್ವಲ್ಪ ಎಳದಂಗ ಆಗೈತಿ" ಅಂದಿದ್ದೆ. ಸುಮ್ಮನೆ ಅಂದದ್ದು. ಅದೇ ಇರಬಹುದು, ಇಲ್ಲದೆಯೂ ಇರಬಹುದು. ಈಗ ಕೇಳುವಂತಿಲ್ಲ.

ನಾನೂ ಒಂದು ಹೇಳಿಲ್ಲ. ನನ್ನ ಅಣ್ಣ ಅವ್ವನ ಮಾತು ಮೀರುವುದಿಲ್ಲ. ನಿನಗಿಂತ ಮೊದಲು ಒಂದು ಹುಡುಗಿಯನ್ನು ನೋಡಿ ಒಪ್ಪಿದ್ದ. ಅವ್ವ ಬೇಡ ಅಂದಳು, ಮರುದಿನದಿಂದ ಆ ಹುಡುಗಿಯ ಹೆಸರು ಎತ್ತಲಿಲ್ಲ. ಚಹಾ ಕುಡದ್ರೇನು ಎಂದು ಕೇಳುತ್ತಾನೆ, ಅಷ್ಟು ಕೇಳಲು ಅವನಿಗೆ ಬರುತ್ತದೆ. ನೀನು ಅವನನ್ನು ನಂಬಿ ಹೊರಟದ್ದು ಕಂಡೂ ನಾನು ಸುಮ್ಮನಿದ್ದೆ. ನನಗೆ ಆ ಮನೆಯಿಂದ ಹೊರಗೆ ಹೋಗಬೇಕಿತ್ತು.

ಸಿಟ್ಟಿಲ್ಲ. ನಿನ್ನ ಪತ್ರ ಓದಿದರೆ ಸಿಟ್ಟು ಬರುತ್ತದೆ ಅಂದುಕೊಂಡೆ, ಅದೂ ಬರಲಿಲ್ಲ. ಕೈ ಮೇಲೆ ಬಹಳ ಹೊತ್ತು ಮಲಗಿದರೆ ಜೋಮು ಹಿಡಿಯುತ್ತದಲ್ಲ, ಹಾಗಿದೆ.

ಅತ್ತೆ ನಿನ್ನ ಮಗಳ ಫೋಟೋ ಕೇಳಿದರು.

ಅನುರಾಧಾ


ಲಕ್ಷ್ಮೇಶ್ವರ
12 ಜೂನ್ 2025

ವೈನಿ,

ಫೋಟೋ ಇಟ್ಟಿದ್ದೇನೆ. ಮುಂದಿನ ಹಲ್ಲು ಈಗ ಪೂರ್ತಿ ಬಂದಿದೆ ಎಂದು ಅವ್ವನಿಗೆ ಹೇಳು.

ಮೊನ್ನೆ ನಿನ್ನ ಅಣ್ಣ ಬಟ್ಟೆ ಅಂಗಡಿಯ ಕೆಲಸದಿಂದ ಬಂದವರು ಒಂದು ಕಾಗದ ತಂದು ಚಹಾ ಡಬ್ಬಿಯ ಕೆಳಗಿಟ್ಟು ಕೈಕಾಲು ತೊಳೆಯಲು ಹೋದರು. ತೆಗೆದು ನೋಡಿದೆ. ನಮ್ಮಿಬ್ಬರ ಹೆಸರು. ನಮಗೂ ಮ್ಯೂಚುವಲ್ ಮಾಡಿಸಬೇಕೆಂದು ಅತ್ತೆ ವಕೀಲರಿಂದ ಬರೆಸಿ ತರಿಸಿದ್ದಾರೆ. ಅದನ್ನು ಪಕ್ಕಕ್ಕಿಟ್ಟು ಚಹಾಕ್ಕೆ ನೀರಿಟ್ಟೆ. ನಿನ್ನ ಜೋಮು ಪತ್ರದಲ್ಲಿ ಇಲ್ಲಿಗೂ ಬಂದಿದೆ.

ಎಲ್ಲರಿಗೂ ಚಹಾ ಕೊಟ್ಟು ಕಾಗದವನ್ನು ಅವರ ಮುಂದಿಟ್ಟೆ.

"ಇದೇನ್ರಿ?"

"ಅವ್ವ ತರಿಸ್ಯಾಳ."

"ನಿಮಗ ಬೇಕೇನ್ರಿ ಇದು?"

"ಅವ್ವ ಏನಂತಾಳಂದ್ರ…"

"ಅವ್ವನ್ನ ಕೇಳಿಲ್ರಿ ನಾ. ಇಲ್ನೋಡ್ರಿ. ಒಂದು ಸಹಿ ನಿಮ್ಮದು, ಒಂದು ನಂದು. ಅವ್ವನ ಸಹಿಗೆ ಇದರಾಗ ಜಾಗಾನ ಇಲ್ಲ. ಅನುರಾಧಾಗ ಬೇಕಾಗಿತ್ತು, ಆಕಿ ಮಾಡಿದ್ಲು. ನನಗ ಬ್ಯಾಡ. ನಾ ಒಲ್ಲೆ ಅಂದ್ರ ಇದು ಬರೇ ರದ್ದಿ."

ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಒಲ್ಲೆಯಾ ಒಪ್ಪಿದೆಯಾ ಎಂದು ಕೇಳಿರಲಿಲ್ಲ. ನಿನಗೆ ಕೊಟ್ಟದ್ದನ್ನು ನನಗೆ ಕೊಡುತ್ತಿದ್ದರು, ನಿನಗೆ ಆದದ್ದು ನನಗೂ ಆಗಬೇಕಿತ್ತು. ಆ ಕಾಗದ ಒಂದೇ ನನ್ನನ್ನು ಕೇಳಿತು ನೋಡು. ಯಾರದೋ ಭಾಷೆಯದು.

ನಿನ್ನ ಅಣ್ಣ ಸಹಿಯ ಜಾಗ ನೋಡಿದರು. ಆಮೇಲೆ ಮಡಚಿ ಕಿಸೆಯಲ್ಲಿಟ್ಟುಕೊಂಡು "ನನಗೂ ಬ್ಯಾಡ" ಅಂದರು. ಬಹಳ ಸಣ್ಣ ದನಿಯಲ್ಲಿ, ತಾಟಿಗೆ ಹೇಳಿದ ಹಾಗೆ. ಆದರೂ ಅಂದರು, ಅದನ್ನು ನಿನಗೆ ಹೇಳಬೇಕು.

ಅತ್ತೆಗೆ ಕೇಳಿಸಿತು. "ನಿಮ್ಮ ಕಾಗದ ನೀವು ಇಟಗೋರಿ" ಅಂದರು. "ಹಂದರದಾಗ ಆದ ಮಾತಿಗೆ ಸಹಿ ಬೇಕಾಗಿಲ್ಲ. ನನ್ನ ಮಗಳು ಹೊಸ್ತಿಲ ದಾಟಿ ಒಳಗ ಬಂದ ದಿನ ಈಕಿ ಹೊರಗ. ಆಕಿ ಉಣ್ಣೋ ಮುಂದ ಈಕಿ ಬಡಸೋದು ನಾ ಕಣ್ಣೀಲೆ ನೋಡಲಾರೆ." ಮಗ ಲೋಟ ಎತ್ತಿಕೊಂಡು ಹೊರಗೆ ಹೋದರು. ಅವರು ಒಂದು ದಿನಕ್ಕೆ ಒಂದೇ ಮಾತು ಮೀರುವವರು ಅಂತ ಕಾಣುತ್ತದೆ.

ಹಾಗಾಗಿ ಕೋರ್ಟಿನವರು ನನ್ನನ್ನು ಕಳಿಸುವುದಿಲ್ಲ, ನಿಮ್ಮವ್ವ ಕಳಿಸುತ್ತಾರೆ. ನೀನು ಬರಬೇಡ ಎಂದು ನಾನು ಬರೆಯುವುದಿಲ್ಲ. ನಿನ್ನ ಮನೆ, ನಿನ್ನ ಅವ್ವ. ಈ ಪಂಚಮಿಗೆ ಶಿರಹಟ್ಟಿಯಲ್ಲಿ ಸಿಗೋಣ. ಮಗಳನ್ನು ಒಂದು ವಾರ ನಿನ್ನ ಹತ್ತಿರ ಮಲಗಿಸಿಕೋ, ಆಮೇಲೆ ರೂಢಿಯಾಗುತ್ತದೆ. ಅವಳು ಎಡಗಡೆ ಮಲಗುತ್ತಾಳೆ.

ಬನಶಂಕರಿ


ಬೆಟಗೇರಿ
19 ಜುಲೈ 2025

ವೈನಿ,

ಬುಧವಾರ ಎರಡನೇ ಸಹಿ ಆಯಿತು. ಕೇಳಿದರು, "ಹೌದ್ರಿ" ಅಂದೆವು, ಮೊದಲು ಅವನು, ಆಮೇಲೆ ನಾನು. ಇನ್ನು ನಾನು ನಿಮ್ಮ ಮನೆಯವಳಲ್ಲ. ಹೊರಗೆ ಬಂದಾಗ ಅವನು ಗಾಡಿ ಚಾಲೂ ಮಾಡಿ ನಿಂತಿದ್ದ. ನಾನು ಟಂಟಂ ಆಟೋ ಹತ್ತಿದೆ.

ಗುಲಾಬಬಿಯ ಮನೆಯ ಮುಂದಿನ ಖೋಲಿ ಖಾಲಿ ಇತ್ತು, ಅಲ್ಲಿಗೆ ಬಂದಿದ್ದೇನೆ. ನಿನ್ನ ಅವ್ವನ ಬಾಗಿಲು ಇಲ್ಲಿಂದ ಕಾಣುತ್ತದೆ. ಓಣಿಯಲ್ಲಿ ನಾಲ್ಕು ಮನೆಯವರು ಕಂಡಿಕಿ ಸುತ್ತಲು ಕೊಡುತ್ತಾರೆ, ನನ್ನೊಬ್ಬಳ ಹೊಟ್ಟೆಗೆ ಸಾಕು. ಬೆಳಿಗ್ಗೆ ಸಂಜೆ ಹೋಗಿ ನಿನ್ನ ಅವ್ವನ ಮೈ ತೊಳೆದು ಊಟ ಮಾಡಿಸಿ ಬರುತ್ತೇನೆ. ನಾನು ಹೋದಾಗ ಅವನು ಬಾಗಿಲು ತೆರೆದಿಟ್ಟು ಮಗ್ಗದ ಕುಣಿಗೆ ಇಳಿದಿರುತ್ತಾನೆ. ಮೊದಲ ದಿನ ಅತ್ತೆ ನನ್ನ ಕೊರಳು ಮುಟ್ಟಿ ನೋಡಿದರು. ತಾಳಿ ಇರಲಿಲ್ಲ. ನನ್ನ ಕೈ ಬಿಡಲಿಲ್ಲ.

ಅವ್ವನ ಮಾತನ್ನು ಅಣ್ಣನೂ ಫೋನಿನಲ್ಲಿ ಹೇಳಿದ. ನಮ್ಮ ಹುಡುಗಿ ಬಂದ ದಿನ ಅವರ ಹುಡುಗಿ ಹೋಗಬೇಕು. ಸರಿ. ನಾನು ಬರುವುದಿಲ್ಲ. ಈ ಪಂಚಮಿಗೂ ಇಲ್ಲ, ಮುಂದಿನದಕ್ಕೂ ಇಲ್ಲ. ಅವ್ವ ಇರುವವರೆಗೆ ನಾನು ಆ ಹೊಸ್ತಿಲು ದಾಟುವುದಿಲ್ಲ. ಹಂದರದ ಮಾತು ಯಾರೂ ಮುರಿದಂತಾಗುವುದಿಲ್ಲ, ನೀನು ನಿನ್ನ ಮಗಳನ್ನು ಎಡಗಡೆ ಮಲಗಿಸಿಕೊಂಡು ಇರು.

ಇದಕ್ಕೆ ತಿರುಗಿ ಏನೂ ಕಳಿಸಬೇಡ. ಹನ್ನೊಂದು ವರ್ಷ ಎಲ್ಲವನ್ನೂ ಸರಿಸಮ ಮಾಡಿ ಸಾಕಾಗಿದೆ. ಇದು ಒಂದು ಹಾಗೇ ಇರಲಿ.

ಅವ್ವನ ಮಂಡಿಗೆ ಎಣ್ಣೆ ಹಚ್ಚುವಾಗ ಬಲಗಾಲು ಮೊದಲು. ಅವಳಿಗೆ ಹಾಗೇ ರೂಢಿ. ನಿನಗೆ ಗೊತ್ತೇ ಇರುತ್ತದೆ.

ಅನುರಾಧಾ


ಲಕ್ಷ್ಮೇಶ್ವರ
24 ಜುಲೈ 2025

ವೈನಿ,

ನಿನ್ನ ಪತ್ರವನ್ನು ಅಂಗನವಾಡಿಯ ಅಕ್ಕಿ ಡಬ್ಬಿಯ ಹಿಂದೆ ನಿಂತು ಓದಿದೆ. ತಮಾಷೆಯ ಮಾತು ಒಂದೂ ಹೊಳೆಯುತ್ತಿಲ್ಲ.

ಅತ್ತೆ ಶೇಂಗಾ ಉಂಡಿಗೆ ಬೆಲ್ಲ ಕುಟ್ಟುತ್ತಿದ್ದಾರೆ. ನಡುನಡುವೆ ಎದ್ದು ಹೋಗಿ ಬಾಗಿಲಲ್ಲಿ ನಿಂತು ಬರುತ್ತಾರೆ. ನೀನು ಬರುವುದಿಲ್ಲ ಎಂದು ನಾನು ಇನ್ನೂ ಹೇಳಿಲ್ಲ. ನಿನ್ನ ಅಣ್ಣನೂ ಹೇಳಿಲ್ಲ.

ಪಂಚಮಿಯ ದಿನ ಹನ್ನೊಂದು ಗಂಟೆಗೆ ಶಿರಹಟ್ಟಿಗೆ ಬಾ. ಬಸ್ ಸ್ಟ್ಯಾಂಡಿಗೆ ಹೊಸ್ತಿಲಿಲ್ಲ. ಏನೂ ಕಳಿಸಬೇಡ ಅಂದಿದ್ದೀ, ಕಳಿಸುವುದಿಲ್ಲ. ನಾನೇ ಬರುತ್ತೇನೆ.

ಬನಶಂಕರಿ


ಬೆಟಗೇರಿ
3 ಆಗಸ್ಟ್ 2025

ವೈನಿ,

ಮನೆ ಮುಟ್ಟಿದೆ. ನೀನೂ ಮುಟ್ಟಿರಬೇಕು.

ಪಂಚಮಿಯ ದಿನ ಶಿರಹಟ್ಟಿಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ನಾನು ಬಂದದ್ದೇ ಮಾತಾಡಲು, ಆದರೆ ನೀನು ನನ್ನ ಕೈ ಹಿಡಿದು ಕೂತ ಮೇಲೆ ಮಾತು ಬೇಕು ಅನಿಸಲಿಲ್ಲ. ಕಂಡಕ್ಟರ್ ಕೂಗಿದಾಗ ಇಬ್ಬರೂ ಎದ್ದೆವು. ನಾನು ರೂಢಿಯಂತೆ ಲಕ್ಷ್ಮೇಶ್ವರದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ, ನೀನು ಗದಗಿನ ಬಸ್ಸಿನ ಕಡೆ ಹೊರಟಿದ್ದೆ. ಆಮೇಲೆ ಇಬ್ಬರೂ ತಿರುಗಿದೆವು. ಬಂದ ದಾರಿಯಲ್ಲೇ ವಾಪಸ್ ಹೋದದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಮುಳಗುಂದದ ವರೆಗೂ ನಾನು ಅಳುತ್ತಲೇ ಇದ್ದೆ. ಪಕ್ಕದಲ್ಲಿದ್ದ ಹೆಂಗಸು "ತವರಿಂದ ಹೊಂಟೀಯೇನವಾ?" ಎಂದು ಕೇಳಿದಳು. ಹೂಂ ಅಂದೆ.

ಉಂಡಿ ಡಬ್ಬಿ ಅವ್ವ ಕೊಟ್ಟದ್ದು ಅಂದೆ ನೀನು. ಅವ್ವ ಉಂಡಿಗೆ ಏಲಕ್ಕಿ ಹಾಕುವುದಿಲ್ಲ ವೈನಿ. ನೀನು ಹಾಕುತ್ತೀ. ಆದರೂ ತಿಂದೆ.

ಅವತ್ತು ಸಂಜೆ ನಿನ್ನ ಅವ್ವನ ತಲೆಗೆ ನೀರು ಹಾಕುತ್ತಿದ್ದೆ. ಲಾಳಿಯ ಸಪ್ಪಳ ನಿಂತಿತು. ಮಗ್ಗದ ಕುಣಿಯಿಂದ ಅವನು ನಿನ್ನ ಬಗ್ಗೆ ಕೇಳಿದ: "ಬನ್ನಿ ಆರಾಮ ಅದಾಳೇನು?"

ನಿನ್ನ ಅವ್ವ ನನ್ನ ಮುಖ ನೋಡಿದರು. ನಾನು ನೀರು ಹಾಕುತ್ತಲೇ ಇದ್ದೆ. ಮೂರೂವರೆ ವರ್ಷ ಆ ದನಿಗೆ ಕಾದಿದ್ದೆ, ಅದು ಬಂತು, ನನಗೆ ಏನೂ ಅನಿಸಲಿಲ್ಲ. ಮೈ ಒರೆಸಿದೆ, ಸೀರೆ ಸುತ್ತಿದೆ, ಮಂಚಕ್ಕೆ ಒಯ್ದು ಮಲಗಿಸಿದೆ. ಅವನು ಇನ್ನೂ ಲಾಳಿ ಕೈಯಲ್ಲಿ ಹಿಡಿದು ಕೂತಿದ್ದ, ಉತ್ತರಕ್ಕೆ ಕಾದು.

ಮಗ್ಗದ ಹತ್ತಿರ ಖಾಲಿ ಕಂಡಿಕಿ ಬುಟ್ಟಿ ಇತ್ತು. ಅದರಲ್ಲಿ ನಿನ್ನ ಎರಡು ಉಂಡಿ ಇಟ್ಟು ಕಾಲಿನಿಂದ ಅವನ ಕಡೆ ಸರಿಸಿ ಬಂದೆ.

ಅನುರಾಧಾ